ಹೆಬ್ಬೆಟ್ಟು ಸಾಲದು

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮನೆಯಲ್ಲಿ ಕೂತು ನೋಡುವ ಸಿನಿಮಾ, ಧಾರಾವಾಹಿಗಳ ಬಗ್ಗೆ ನಮ್ಮ ಅಭಿಪ್ರಾಯಕ್ಕೆ ಏನಾದರೂ ಬೆಲೆ ಇದೆಯೇ? ಇದರ ಬಗ್ಗೆ ಮಾತಾಡು ಅಂತ ನನಗೆ ಹೇಳಿದ್ದಾರೆ. ನಾನು ವಿಮರ್ಶಕಿ ಅಲ್ಲ. ಓದಿದ್ದು ಎಂ.ಟೆಕ್., ದಿನವಿಡೀ ನೋಡುವುದು ಡೇಟಾ. ಆದರೆ ಈ ವಿಷಯಕ್ಕೆ ಆ ಕಡೆಯಿಂದಲೂ ಒಂದು ಬಾಗಿಲಿದೆ, ಅದಕ್ಕೇ ಒಪ್ಪಿಕೊಂಡೆ.

ಪುಣೆಯಲ್ಲಿ ಕನ್ನಡ ಸಿನಿಮಾ ಬಂದರೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ‘ಕೆಜಿಎಫ್’, ‘ಕಾಂತಾರ’ದಂಥವು ಬೇರೆ ಮಾತು. ಉಳಿದವು ಅದೃಷ್ಟವಿದ್ದರೆ ಯಾವುದೋ ಒಂದು ಮಾಲ್‌ನಲ್ಲಿ, ವಾರದ ಕೊನೆಗೆ, ಅವೇಳೆಯಲ್ಲಿ ಒಂದೇ ಒಂದು ಆಟ. ಮಕ್ಕಳ ಕ್ಲಾಸು, ಹಿಂಜವಡಿಯ ಟ್ರಾಫಿಕ್ಕು, ಮನೆಗೆ ಬಂದ ನೆಂಟರು ಎಲ್ಲ ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಿನಿಮಾ ಎತ್ತಂಗಡಿ ಆಗಿರುತ್ತದೆ. ಹಾಗಾಗಿ ನಮ್ಮ ಪಾಲಿಗೆ ಕನ್ನಡ ಸಿನಿಮಾ ಅಂದರೆ ಮನೆಯ ಟೀವಿ. ನಾವು ಸುಮ್ಮನೆ ನೋಡುವವರೂ ಅಲ್ಲ. ಬಟಾಣಿ ಸುಲಿಯುತ್ತಾ, ಬಟ್ಟೆ ಮಡಿಸುತ್ತಾ ಒಂದೇ ಸಮ ಮಾತಾಡುತ್ತಿರುತ್ತೇವೆ. “ಇವಳಿಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?” “ಮಲಗೋವಾಗ್ಲೂ ಅಷ್ಟು ಒಡವೆ ಯಾರು ಹಾಕ್ಕೋತಾರೆ?” ಕುಕ್ಕರ್ ಸೀಟಿಯ ನಡುವೆ ಅಡುಗೆಮನೆಯಿಂದ ಕೂಗಿ ಹೇಳುವುದೂ ಉಂಟು. ಈ ಮಾತೆಲ್ಲ ಎಲ್ಲಿಗೆ ಹೋಗುತ್ತದೆ?

ಧಾರಾವಾಹಿಯಿಂದ ಶುರು ಮಾಡೋಣ. ಟಿಆರ್‌ಪಿ ಅನ್ನುವ ಪದ ಎಲ್ಲರಿಗೂ ಗೊತ್ತು. 2015ರಿಂದ ಇದನ್ನು ಲೆಕ್ಕ ಹಾಕುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ದೇಶದ ಆಯ್ದ ಕೆಲವು ಮನೆಗಳ ಟೀವಿಗೆ ಒಂದು ಮೀಟರ್ ಜೋಡಿಸಿರುತ್ತಾರೆ. 2020ರ ಹೊತ್ತಿಗೆ ಅಂಥ ಮನೆಗಳು ಸುಮಾರು 44,000 ಇದ್ದವು. ಚಾನೆಲ್‌ನವರು ತಮ್ಮ ಕಾರ್ಯಕ್ರಮದ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ ಇರುತ್ತದೆ, ಟೀವಿ ಮುಂದೆ ಕೂತವರು ತಮ್ಮ ಗುಂಡಿ ಒತ್ತಬೇಕು. ಯಾರು ಕೂತರು, ಯಾವ ಚಾನೆಲ್, ಎಷ್ಟು ನಿಮಿಷ. ಅಷ್ಟೇ ಗೊತ್ತಾಗುವುದು.

ಈಗ ‘ಪುಟ್ಟಕ್ಕನ ಮಕ್ಕಳು’ ತೆಗೆದುಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ಉಮಾಶ್ರೀಯವರಿಗಾಗಿ ನಮ್ಮಲ್ಲಿ ಎಷ್ಟು ಮನೆಗಳು ಅದನ್ನು ನೋಡಿದವು! ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂವರನ್ನು ಬೆಳೆಸುವ ಕಥೆ. 2024ರಲ್ಲಿ ನಡುವಿನ ಮಗಳು ಸ್ನೇಹಾಳ ಪಾತ್ರವನ್ನು ಸಾಯಿಸಿದಾಗ ನಮ್ಮ ಕಟ್ಟಡದ ಒಬ್ಬರು ಆಂಟಿ ನಿಜವಾದ ಸಾವಾದಂತೆ ಊಟ ಬಿಟ್ಟರು. “ಛೀ, ಓದಿ ಮೇಲೆ ಬಂದ ಹುಡುಗೀನೇ ಸಾಯಿಸಬೇಕಿತ್ತಾ, ಇನ್ನು ಈ ಕಡೆ ತಿರುಗಿಯೂ ನೋಡಲ್ಲ” ಅಂದರು. ಮರುದಿನ ಅದೇ ಹೊತ್ತಿಗೆ ಅದೇ ಸೋಫಾದಲ್ಲಿ ಕೂತು ಇಡೀ ಎಪಿಸೋಡ್ ಬೈದುಕೊಂಡೇ ನೋಡಿದರು. ಅವರ ಮನೆಯಲ್ಲಿ ಮೀಟರ್ ಇದ್ದಿದ್ದರೆ, ಆ ಬೈಗುಳದ ಅರ್ಧ ಗಂಟೆಯೂ ಪ್ರೀತಿಯ ಅರ್ಧ ಗಂಟೆಯೂ ಒಂದೇ ಲೆಕ್ಕಕ್ಕೆ ಬೀಳುತ್ತಿದ್ದವು. ನಾವು ಬೈದುಕೊಂಡು ನೋಡುವುದನ್ನು ಅವರು ಇಷ್ಟಪಟ್ಟು ನೋಡುತ್ತಿದ್ದೇವೆ ಅಂದುಕೊಂಡು ಅಂಥದ್ದನ್ನೇ ಇನ್ನಷ್ಟು ಮಾಡುತ್ತಾರೆ. ಇನ್ನೊಂದು ವಿಷಯ. ವಾರ ವಾರ ಬರುವ ಕನ್ನಡ ಪಟ್ಟಿ ಕರ್ನಾಟಕ ಮಾರುಕಟ್ಟೆಯದ್ದು. ಪುಣೆಯಲ್ಲಿ ಕೂತ ನಾವು ಬೈದರೂ ಹೊಗಳಿದರೂ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಓಟಿಟಿಯಲ್ಲಿ ಪರಿಸ್ಥಿತಿ ಬೇರೆ ಅಂದುಕೊಳ್ಳಬೇಡಿ. ನೆಟ್‌ಫ್ಲಿಕ್ಸ್‌ನಲ್ಲಿ ಮೊದಲು ಐದು ನಕ್ಷತ್ರಗಳಲ್ಲಿ ಅಂಕ ಕೊಡಬಹುದಿತ್ತು. 2017ರಲ್ಲಿ ಅದನ್ನು ತೆಗೆದು ಹೆಬ್ಬೆಟ್ಟು ತಂದರು, ಮೇಲಕ್ಕೆ ಇಲ್ಲವೇ ಕೆಳಕ್ಕೆ. 2022ರಲ್ಲಿ ಜೋಡಿ ಹೆಬ್ಬೆಟ್ಟು ಸೇರಿಸಿದರು. ಅವರ ಕಡೆಯಿಂದ ನೋಡಿದರೆ ಇದು ಸರಿಯಾದ ಇಂಜಿನಿಯರಿಂಗ್: ನಕ್ಷತ್ರಕ್ಕಿಂತ ಹೆಬ್ಬೆಟ್ಟು ಒತ್ತುವವರು ಬಹಳ ಜಾಸ್ತಿ, ಯಂತ್ರಕ್ಕೆ ಬೇಕಾಗಿರುವುದು ನಮ್ಮ ಕಾರಣವಲ್ಲ, ಮುಂದೆ ಏನು ತೋರಿಸಬೇಕು ಅನ್ನುವ ಸುಳಿವು. 2020ರ ಆರಂಭದಲ್ಲಂತೂ ಎರಡು ನಿಮಿಷ ನೋಡಿದರೂ ‘ನೋಡಿದರು’ ಅಂತಲೇ ಎಣಿಸುತ್ತಿದ್ದರು. ಎರಡು ನಿಮಿಷದಲ್ಲಿ ನಮ್ಮ ಮನೆಯಲ್ಲಿ ರಿಮೋಟ್ ಕೂಡ ಸಿಗುವುದಿಲ್ಲ. ಆಮೇಲೆ ಆ ಪದ್ಧತಿ ಬಿಟ್ಟು ನೋಡಿದ ಗಂಟೆಗಳನ್ನು ಎಣಿಸತೊಡಗಿದರು.

ನಮ್ಮ ಅಜ್ಜಿಯರಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದರು. ಎಂ.ಟೆಕ್. ಮಾಡಿ ನಾನೂ ಈಗ ಹೆಬ್ಬೆಟ್ಟೇ ಒತ್ತುತ್ತಿದ್ದೇನೆ.

ಈ ಕಿರಿಕಿರಿಯಿಂದಲೇ ನಮ್ಮ ಸಣ್ಣ ಗುಂಪು ಹುಟ್ಟಿದ್ದು. ಹನ್ನೊಂದು ಜನ ಇದ್ದೇವೆ. ಕೋಥ್ರೂಡಿನವರು, ಪಿಂಪ್ರಿಯವರು, ಹಿಂಜವಡಿಯವರು. ಧಾರವಾಡ, ಮಂಡ್ಯ, ಕುಂದಾಪುರ ಎಲ್ಲ ಕಡೆಯ ಕನ್ನಡ. ತಿಂಗಳಿಗೊಂದು ಸಿನಿಮಾ. ಅವರವರ ಮನೆಯಲ್ಲಿ ಅವರವರ ಪುರುಸೊತ್ತಿನಲ್ಲಿ ನೋಡುವುದು, ಕೊನೆಯ ಭಾನುವಾರ ಮಧ್ಯಾಹ್ನ ವಿಡಿಯೊ ಕಾಲ್‌ನಲ್ಲಿ ಮಾತಾಡುವುದು. ಒಂದೇ ನಿಯಮ: “ಚೆನ್ನಾಗಿದೆ”, “ಬೋರ್” ಈ ಎರಡು ಪದ ಹೇಳುವ ಹಾಗಿಲ್ಲ. ಮೊದಲ ಸಲ ಹತ್ತು ನಿಮಿಷ ಎಲ್ಲರೂ ಮೌನ!

‘ತಿಥಿ’ಯಿಂದ ಆರಂಭಿಸಿದೆವು. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದು, ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ಸಿನಿಮಾ. ಧಾರವಾಡದವರು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದ್ದು ಗೊತ್ತಾಗಿ ಮಂಡ್ಯದವರು ನಕ್ಕಿದ್ದೇ ನಕ್ಕಿದ್ದು. ಸಿನಿಮಾದ ಬಗ್ಗೆ ಹೆಚ್ಚೇನೂ ಮಾತಾಗಲಿಲ್ಲ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂದಾಗ ಮಾತು ಬೇರೆಯೇ ದಾರಿ ಹಿಡಿಯಿತು. 2016ರ ಸಿನಿಮಾ, ಹೇಮಂತ್ ರಾವ್ ನಿರ್ದೇಶನ. ಮರೆವಿನ ಕಾಯಿಲೆ ಇರುವ ಅಪ್ಪನಾಗಿ ಅನಂತ್ ನಾಗ್, ಮುಂಬೈಯಿಂದ ಬರುವ ಮಗನಾಗಿ ರಕ್ಷಿತ್ ಶೆಟ್ಟಿ. ಕಾಣೆಯಾದವರ ಬಗ್ಗೆ ಪತ್ರಿಕೆಯಲ್ಲಿ ಕೊಡುವ ಪ್ರಕಟಣೆಯ ಭಾಷೆಯೇ ಹೆಸರು. ಎಲ್ಲರೂ ಅತ್ತಿದ್ದೆವು. ನಮ್ಮ ಗುಂಪಿನ ಒಬ್ಬರು ಮಾತ್ರ ಸುಮ್ಮನೆ ಕೂತಿದ್ದರು. ಆರು ವರ್ಷದಿಂದ ಅದೇ ಕಾಯಿಲೆಯ ಮಾವನನ್ನು ನೋಡಿಕೊಳ್ಳುತ್ತಿರುವವರು. “ಮಗ ಹುಡುಕೋದು ಕಾಣ್ತು. ಮಗನಿಗೆ ಅಪ್ಪನ ಬೆಲೆ ತಿಳಿದದ್ದೂ ಕಾಣ್ತು. ದಿನಾ ಸ್ನಾನ ಮಾಡಿಸೋದು, ಲಾಡಿ ಕಟ್ಟೋದು, ಊಟ ಆದ ಹತ್ತು ನಿಮಿಷಕ್ಕೆ ‘ಊಟ ಹಾಕ್ಲಿಲ್ಲ’ ಅಂತ ಬೀದಿಗೆಲ್ಲ ಹೇಳಿಸಿಕೊಳ್ಳೋದು, ಅದು ನಂಗೆ ಎಲ್ಲೂ ಕಾಣ್ಲಿಲ್ಲ” ಅಂದರು. ಸಿನಿಮಾ ಕೆಟ್ಟದ್ದು ಅಂತ ಅವರು ಹೇಳಲಿಲ್ಲ. ಅನಂತ್ ನಾಗ್ ಕಣ್ಣು ಥೇಟ್ ಮಾವನದ್ದೇ ಅಂತಲೂ ಹೇಳಿದರು. ನಾನು ಆ ಸಿನಿಮಾದ ಬಗ್ಗೆ ಕೇಳಿದ ಮಾತುಗಳಲ್ಲಿ ಇದರಷ್ಟು ನೇರವಾದದ್ದು ಇನ್ನೊಂದಿಲ್ಲ. ಅದನ್ನು ಹೇಳಲು ಸಿನಿಮಾ ಶಾಸ್ತ್ರ ಬೇಕಿರಲಿಲ್ಲ, ಆರು ವರ್ಷ ಬೇಕಿತ್ತು. ಮುಂದಿನ ವಾರ ಅವರ ಮಾವನ ಅಷ್ಟೂ ಅಂಗಿಗಳ ಒಳಗೆ ಫೋನ್ ನಂಬರ್ ಇರುವ ಬಟ್ಟೆ ತುಂಡು ಹೊಲಿದು ಕೊಟ್ಟವರು ಗುಂಪಿನದೇ ಇನ್ನೊಬ್ಬರು.

ಇನ್ನು ‘ಶರಪಂಜರ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ಕಲ್ಪನಾ ಕಾವೇರಿಯ ಪಾತ್ರದಲ್ಲಿ. ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುವ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು, ನೆರೆಯವರು ಯಾರೂ ಅವಳನ್ನು ವಾಸಿಯಾದವಳಂತೆ ನೋಡುವುದಿಲ್ಲ. ಅವಳು ನಕ್ಕರೂ ಅತ್ತರೂ ಅದು ಹುಚ್ಚು. ಗಂಡನ ಇನ್ನೊಂದು ಸಂಬಂಧ ತಿಳಿದು ಅವಳು ಮತ್ತೆ ಕುಸಿಯುತ್ತಾಳೆ.

ಮೂವತ್ತು ದಾಟದ ಒಬ್ಬಳು ಮೊದಲು ಬಾಯಿ ಬಿಟ್ಟಳು. “ಕಲ್ಪನಾ ಅವರದು ಓವರ್ ಆ್ಯಕ್ಟಿಂಗ್ ಅಲ್ವಾ?” ನನಗೂ ಅಲ್ಲಲ್ಲಿ ಹಾಗೆ ಅನಿಸಿತ್ತು, ಈಗಲೂ ಅನಿಸುತ್ತದೆ. ಅದಕ್ಕೆ ಹುಬ್ಬಳ್ಳಿಯ ಎಪ್ಪತ್ತರ ಹತ್ತಿರದ ನಮ್ಮ ಅಕ್ಕನವರು, “ಮೆತ್ತಗ ಹೇಳಿದ್ರ ಆವಾಗ ಯಾರು ಕೇಳ್ತಿದ್ರು, ತಂಗಿ?” ಅಂದರು. ಮದುವೆಯಾದ ಹೊಸದರಲ್ಲಿ ಅತ್ತೆಯ ಜೊತೆ ಥಿಯೇಟರಿನಲ್ಲಿ ನೋಡಿದ್ದರಂತೆ. ಇಡೀ ಥಿಯೇಟರ್ ಕಣ್ಣೀರು ಹಾಕಿತ್ತು, ಅತ್ತೆಯವರೂ ಅತ್ತಿದ್ದರು. ಟಾಂಗಾದಲ್ಲಿ ಮನೆಗೆ ಬರುವಾಗ ಅತ್ತೆ, “ಪಾಪ, ಅಂಥಾಕಿನ್ನ ಕಟ್ಟಿಕೊಂಡು ಅಂವಾ ಏನ್ ಮಾಡ್ಯಾನು” ಅಂದರಂತೆ. ಇವರು ತಲೆಯಾಡಿಸಿದರು. “ಆಗ ಹೇಳಲಿಕ್ಕೆ ಆಗದ್ದು ಈಗ ಹೇಳ್ತೀನಿ ನೋಡ್ರಿ. ತಪ್ಪು ಅವನದs.” ಐವತ್ತು ವರ್ಷದ ನಂತರ ಸಲ್ಲಿಸಿದ ಅಭಿಪ್ರಾಯ! ಯಾವ ಬಾಕ್ಸ್ ಆಫೀಸ್ ಲೆಕ್ಕದಲ್ಲೂ ಇದು ಬಂದಿರಲಿಕ್ಕಿಲ್ಲ. ಅಂದು ಅವರು ಒಂದು ಟಿಕೆಟ್, ಅಷ್ಟೇ.

ಆ ಸಂಜೆ ಗುಂಪಿನ ಇನ್ನೊಬ್ಬಳು ನನಗೆ ಪ್ರತ್ಯೇಕ ಮೆಸೇಜ್ ಮಾಡಿದಳು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಹೆರಿಗೆಯಾಗಿ ನಾಲ್ಕು ತಿಂಗಳಾಗಿತ್ತು. “ಸಿನಿಮಾ ಅರ್ಧಕ್ಕೇ ನಿಲ್ಲಿಸಿದೆ ಅಕ್ಕ. ನಂಗೆ ನಿದ್ದೆ ಬರ್ತಿಲ್ಲ, ಮಗು ಮಲಗಿದ್ರೂ ಬರ್ತಿಲ್ಲ. ಮಗೂನ ಎತ್ಕೊಳ್ಳೋಕೆ ಭಯ ಆಗುತ್ತೆ. ಯಾರಿಗೂ ಹೇಳಿಲ್ಲ, ಹೇಳಿದ್ರೆ ಕಾವೇರಿ ಥರ ನೋಡ್ತಾರೆ” ಅಂತ ಇತ್ತು. ಮರುದಿನ ಅವಳ ಜೊತೆ ಇಬ್ಬರು ಹೋಗಿ ಡಾಕ್ಟರನ್ನು ಕಂಡೆವು. ಅವಳದು ಹೆರಿಗೆಯ ನಂತರದ ಖಿನ್ನತೆ. ಕಾವೇರಿಗೆ ಆದದ್ದು ಅದಕ್ಕಿಂತ ತೀವ್ರವಾದದ್ದು, ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ ಬರುವಂಥದ್ದು. ಎರಡಕ್ಕೂ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗವೇ ಇದೆ. ಈಗ ಅವಳು ಚೆನ್ನಾಗಿದ್ದಾಳೆ. ಈ ವಾಕ್ಯದಲ್ಲಿ ಆ ಪದಕ್ಕೆ ವಿನಾಯಿತಿ. ತ್ರಿವೇಣಿಯವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರು ಬರೆದ ಬಾಣಂತಿಯ ಕಥೆ ಇಷ್ಟು ವರ್ಷದ ಮೇಲೆ ಪುಣೆಯ ಒಂದು ಫ್ಲ್ಯಾಟಿನಲ್ಲಿ ಅರ್ಧಕ್ಕೆ ನಿಂತು ಇಷ್ಟು ಕೆಲಸ ಮಾಡಿತು. ಓಟಿಟಿ ಕಂಪನಿಯ ಡೇಟಾದಲ್ಲಿ ಹೀಗೆ ಅರ್ಧಕ್ಕೆ ನಿಲ್ಲಿಸಿದ್ದು ಏನಾಗುತ್ತದೆ ಅಂತ ನನಗೆ ಗೊತ್ತು. ಇಷ್ಟವಾಗಲಿಲ್ಲ ಅಂತ.

ಹಾಗಂತ ಮನೆಯಲ್ಲಿ ನೋಡಿ ಹೇಳಿದ್ದೆಲ್ಲ ಒಪ್ಪಬೇಕು ಅಂತಲ್ಲ. “ತುಂಬಾ ಸ್ಲೋ” ಅನ್ನುವ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಕತ್ತಲಲ್ಲಿ ಒಂದೇ ಉಸಿರಿಗೆ ನೋಡಲು ಮಾಡಿದ ಸಿನಿಮಾವನ್ನು ನಾವು ಮೂರು ರಾತ್ರಿ ತುಂಡು ತುಂಡಾಗಿ ನೋಡುತ್ತೇವೆ. ನಡುವೆ ಡೆಲಿವರಿ ಹುಡುಗ ಬೆಲ್ ಮಾಡುತ್ತಾನೆ, ವಾಷಿಂಗ್ ಮಷಿನ್ ಕೂಗುತ್ತದೆ, ಕೈಯಲ್ಲಿ ಮೊಬೈಲ್ ಬೇರೆ. ಆಮೇಲೆ ನಿಧಾನ ಅಂತ ಸಿನಿಮಾವನ್ನು ಬೈಯುತ್ತೇವೆ. ಈಗ ನಮ್ಮ ಗುಂಪಿನಲ್ಲಿ ಅಭಿಪ್ರಾಯ ಹೇಳುವ ಮೊದಲು ಹೇಗೆ ನೋಡಿದೆವು ಅಂತ ಹೇಳುವುದು ರೂಢಿಯಾಗಿದೆ. “ಚಪಾತಿ ಮಾಡ್ತಾ ಕೇಳಿಸಿಕೊಂಡೆ” ಅಂದರೂ ನಡೆಯುತ್ತದೆ, ಆದರೆ ಹಾಗಂತ ಹೇಳಬೇಕು. ವಿಮರ್ಶಕರು ಇಷ್ಟನ್ನಾದರೂ ಹೇಳುತ್ತಾರೆಯೇ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಯಜಮಾನರುಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಒಬ್ಬರು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತು ಕೇಳುತ್ತಾರೆ, ತಡೆಯಲಾಗದೆ ನಡುವೆ ಉತ್ತರವನ್ನೂ ಕೊಡುತ್ತಾರೆ. ಸದ್ಯಕ್ಕೆ ಸದಸ್ಯತ್ವ ಕೊಟ್ಟಿಲ್ಲ.

ಮುಂದಿನ ತಿಂಗಳು ‘ಬೆಳ್ಳಿಮೋಡ’. 1967ರದ್ದು, ಇದೂ ತ್ರಿವೇಣಿ, ಇದೂ ಪುಟ್ಟಣ್ಣ. ಆಸ್ತಿಗೆ ಒಬ್ಬಳೇ ವಾರಸುದಾರಳು ಅಂತ ಇಂದಿರಾಳನ್ನು ಒಪ್ಪಿಕೊಂಡ ಹುಡುಗ, ಅವಳಿಗೆ ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿಯುತ್ತಾನೆ. ಅವನು ಪೆಟ್ಟುಬಿದ್ದು ಮಲಗಿದಾಗ ಅವಳೇ ಉಪಚಾರ ಮಾಡುತ್ತಾಳೆ. ಆಮೇಲೆ ಅವನು ಬುದ್ಧಿ ಬಂದು ಮದುವೆಯಾಗುತ್ತೇನೆ ಅಂದರೆ ಅವಳು ಬೇಡ ಅನ್ನುತ್ತಾಳೆ. ಅವಳು ಮಾಡಿದ್ದು ಸರಿಯೇ? ನಮ್ಮ ಅಮ್ಮ ಸರಿ ಅನ್ನುತ್ತಾರೆ. ನಮ್ಮ ಅತ್ತೆ, “ಅಷ್ಟು ಸೇವೆ ಮಾಡಿದ ಮೇಲೆ ಇನ್ನೇನು ಹಟ” ಅನ್ನುತ್ತಾರೆ. ಇಬ್ಬರೂ ಈ ಭಾನುವಾರ ಕಾಲ್‌ಗೆ ಬರುತ್ತಿದ್ದಾರೆ. ನಿಮ್ಮಲ್ಲಿ ಯಾರಿಗೆ ಬರಬೇಕು ಅನಿಸುತ್ತದೋ, ಹೊರಡುವ ಮುಂಚೆ ನನಗೆ ನಂಬರ್ ಕೊಟ್ಟು ಹೋಗಿ.