ದನದ ಹುಳದ ಮದ್ದು ಕ್ಯಾನ್ಸರಿಗೆ ಮದ್ದಾದೀತೆ?



ಬೀಜ, ಗೊಬ್ಬರದ ಮಾತನಾಡಬೇಕಾದವನು ಇಂದು ಮನುಷ್ಯರ ಕಾಯಿಲೆಯ ಮಾತನ್ನೇಕೆ ಎತ್ತಿದ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಕೊಟ್ಟಿಗೆಯ ಗೂಡಿನಲ್ಲಿರುವ ಹುಳದ ಔಷಧಿ ಕ್ಯಾನ್ಸರಿಗೆ ಆಗುತ್ತದಂತೆ, ಬದುವಿನ ಮರದ ಸೊಪ್ಪು ಗಡ್ಡೆಯನ್ನು ಕರಗಿಸುತ್ತದಂತೆ ಎಂಬ ಮಾತು ಮೊಬೈಲ್ ಫೋನಿನ ಮೂಲಕ ಹಳ್ಳಿಹಳ್ಳಿಗೂ ಬಂದಿದೆ. ಔಷಧಿಯೂ ನಿಮ್ಮ ಕೊಟ್ಟಿಗೆಯದು, ಮರವೂ ನಿಮ್ಮ ಹೊಲದ್ದು. ಆದುದರಿಂದ ಇದರ ನಿಜವೇನು ಎಂಬುದನ್ನು ನೀವು ತಿಳಿದಿರಬೇಕು.

ಮೊದಲು ಐವರ್‌ಮೆಕ್ಟಿನ್ ಎಂಬ ಔಷಧಿಯನ್ನು ನೋಡೋಣ. ದನ, ಕುರಿಗಳ ಹೊಟ್ಟೆಹುಳ, ಕಜ್ಜಿ, ಹೇನುಗಳಿಗೆ ಪಶುವೈದ್ಯರು ಇದನ್ನು ಕೊಡುವುದುಂಟು. ಜಪಾನಿನ ಸತೋಶಿ ಓಮುರಾ ಎಂಬ ವಿಜ್ಞಾನಿ ೧೯೭೦ರ ದಶಕದಲ್ಲಿ ಮಣ್ಣಿನಿಂದ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯೇ ಇದರ ಮೂಲ. ೧೯೮೧ರಲ್ಲಿ ಇದು ಪ್ರಾಣಿಗಳ ಔಷಧಿಯಾಗಿ ಬಂತು. ಆಫ್ರಿಕದ ನದೀತೀರದ ಜನರ ಕಣ್ಣು ಕಳೆಯುತ್ತಿದ್ದ ಒಂದು ಹುಳದ ರೋಗಕ್ಕೂ ಇದು ಕೆಲಸ ಮಾಡುತ್ತದೆಂದು ಪರೀಕ್ಷೆಯಿಂದ ಖಚಿತವಾದ ಮೇಲೆ, ೧೯೮೭ರಿಂದ ಮನುಷ್ಯರಿಗೂ ಕೊಡಲಾಯಿತು. ೨೦೧೫ರಲ್ಲಿ ಓಮುರಾ ಅವರಿಗೂ ಅವರೊಡನೆ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ ಇದಕ್ಕಾಗಿ ನೊಬೆಲ್ ಬಹುಮಾನ ಬಂತು.

ಹಾಗಾದರೆ ದನದ ಔಷಧಿ ಮನುಷ್ಯನಿಗೆ ಆಯಿತಲ್ಲ ಅನ್ನುತ್ತೀರಿ. ಆಯಿತು, ನಿಜ. ಆದರೆ ಎರಡು ಸಂಗತಿ ಗಮನಿಸಿ. ದನದಲ್ಲಿಯೂ ಹುಳವೇ ಶತ್ರು, ಮನುಷ್ಯನಲ್ಲಿಯೂ ಹುಳವೇ ಶತ್ರು. ಎರಡನೆಯದು, ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ, ಮನುಷ್ಯನಿಗೆಂದೇ ಮಾತ್ರೆ ಮಾಡಿ ಕೊಟ್ಟರು. ಕೊಟ್ಟಿಗೆಯ ಬಾಟಲಿಯನ್ನೇ ಎತ್ತಿ ಕುಡಿಸಲಿಲ್ಲ.

ಕೊರೋನಾ ಕಾಲದಲ್ಲಿ ಏನಾಯಿತು? ೨೦೨೦ರಲ್ಲಿ ಆಸ್ಟ್ರೇಲಿಯದ ಪ್ರಯೋಗಶಾಲೆಯೊಂದರಲ್ಲಿ ಈ ಔಷಧಿ ಆ ವೈರಸ್ಸನ್ನು ಅಡಗಿಸಿತು. ಸುದ್ದಿ ಹಬ್ಬಿತು. ಅಮೆರಿಕದಲ್ಲಿ ಕೆಲವರು ಕುದುರೆ, ದನಗಳ ಔಷಧಿಯನ್ನೇ ನುಂಗಿ ಆಸ್ಪತ್ರೆ ಸೇರಿದರು. ಆಮೇಲೆ ಬ್ರೆಜಿಲ್ ದೇಶದಲ್ಲಿ ೧,೩೫೮ ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ೨೦೨೨ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧಿ ತೆಗೆದುಕೊಂಡವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ನಮ್ಮ ದೇಶದ ಚಿಕಿತ್ಸಾ ಸೂಚಿಯಿಂದಲೂ ೨೦೨೧ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದುಹಾಕಿದರು.

ಪ್ರಯೋಗಶಾಲೆಯಲ್ಲಿ ಫಲಿಸಿದ್ದು ಮೈಯಲ್ಲಿ ಏಕೆ ಫಲಿಸಲಿಲ್ಲ? ಕುದಿಯುವ ನೀರನ್ನು ಸುರಿದರೆ ಕಳೆ ಸಾಯುತ್ತದೆ. ಹಾಗೆಂದು ರಾಗಿ ಹೊಲಕ್ಕೆ ಕುದಿಯುವ ನೀರು ಹಾಯಿಸುವವರುಂಟೇ? ಕಳೆಯೊಡನೆ ಪೈರೂ ಸಾಯುತ್ತದೆ. ಗಾಜಿನ ತಟ್ಟೆಯಲ್ಲಿ ರೋಗವನ್ನು ಕೊಲ್ಲುವ ವಸ್ತುಗಳು ನೂರಾರಿವೆ. ಮನುಷ್ಯನನ್ನು ಉಳಿಸಿ ರೋಗವನ್ನು ಮಾತ್ರ ಕೊಲ್ಲುವುದೇ ಕಷ್ಟದ ಕೆಲಸ. ಐವರ್‌ಮೆಕ್ಟಿನ್ ಹುಳದ ನರಗಳನ್ನು ಜಡಗೊಳಿಸುವ ಔಷಧಿ. ನಮ್ಮ ಮೆದುಳಿಗೆ ಅದು ನುಗ್ಗದಂತೆ ದೇಹದಲ್ಲಿ ಬೇಲಿಯಂಥ ಒಂದು ತಡೆಯಿದೆ. ಪ್ರಮಾಣ ಮೀರಿದರೆ ಆ ಬೇಲಿಯನ್ನೂ ದಾಟುತ್ತದೆ. ತಲೆ ಸುತ್ತುತ್ತದೆ, ಬುದ್ಧಿ ಮಂಕಾಗುತ್ತದೆ, ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ಮುನ್ನೂರು ನಾನೂರು ಕಿಲೋ ತೂಗುವ ರಾಸಿಗೆಂದು ಮಾಡಿದ ಔಷಧಿ ಅದು ಎಂಬುದನ್ನು ಮರೆಯಬೇಡಿ.

ಫೆನ್‌ಬೆಂಡಜೋಲ್ ಎಂಬುದು ಇನ್ನೊಂದು ಹುಳದ ಔಷಧಿ. ಇದರಿಂದ ಕ್ಯಾನ್ಸರ್ ವಾಸಿಯಾಯಿತೆಂದು ಅಮೆರಿಕದ ಒಬ್ಬರು ಹೇಳಿಕೊಂಡ ಕಥೆ ೨೦೧೯ರ ಹೊತ್ತಿಗೆ ದೇಶದೇಶಗಳಿಗೆ ಹರಡಿತು. ಅವರು ಅದೇ ವೇಳೆಯಲ್ಲಿ ಆಸ್ಪತ್ರೆಯ ಹೊಸ ಔಷಧಿಯೊಂದರ ಪರೀಕ್ಷೆಯಲ್ಲಿಯೂ ಇದ್ದರು ಎಂಬ ಮಾತು ಅಷ್ಟಾಗಿ ಹರಡಲಿಲ್ಲ. ಇಂಥದೇ ಸುದ್ದಿ ನಂಬಿ ಇದನ್ನು ನುಂಗಿದ, ಶ್ವಾಸಕೋಶದ ಕ್ಯಾನ್ಸರ್ ಇದ್ದ ಜಪಾನಿನ ಒಬ್ಬ ವೃದ್ಧೆಯ ವಿಷಯವನ್ನು ವೈದ್ಯರು ೨೦೨೧ರಲ್ಲಿ ಪ್ರಕಟಿಸಿದ್ದಾರೆ. ಆಕೆಯ ಲಿವರ್ ಕೆಟ್ಟಿತು, ಗಡ್ಡೆ ಕುಗ್ಗಲಿಲ್ಲ. ಔಷಧಿ ಬಿಟ್ಟ ಮೇಲೆ ಲಿವರ್ ಸುಧಾರಿಸಿತು.

ಒಬ್ಬರಿಗೆ ವಾಸಿಯಾಯಿತಲ್ಲ, ಸಾಲದೇ ಎಂದು ಕೇಳುವಿರಿ. ಹೊಸ ತಳಿ ಬಂದಾಗ ನಾವು ಏನು ಮಾಡುತ್ತೇವೆ? ಪಕ್ಕದಲ್ಲಿಯೇ ಹಳೆಯ ತಳಿಯ ತಾಕನ್ನೂ ಇಡುತ್ತೇವೆ. ಅದೇ ಮಣ್ಣು, ಅದೇ ಗೊಬ್ಬರ, ಅದೇ ಮಳೆ. ಎರಡನ್ನೂ ಕೊಯ್ದು, ತೂಗಿ, ಆಮೇಲೆ ಮಾತನಾಡುತ್ತೇವೆ. ಒಬ್ಬರ ಹೊಲದಲ್ಲಿ ಒಂದು ವರ್ಷ ಚೆನ್ನಾಗಿ ಬಂದರೆ ಅದು ಬೀಜದ ಗುಣವೋ ಹದಮಳೆಯ ಗುಣವೋ ಹೇಳಬರುವುದಿಲ್ಲ. ಔಷಧಿಗೂ ಇದೇ ನ್ಯಾಯ. ಹೋಲಿಕೆಯ ತಾಕಿಲ್ಲದ ಮಾತನ್ನು ನಂಬಿ ಬೀಜ ಕೊಳ್ಳದ ನೀವು, ಅಂಥ ಮಾತನ್ನು ನಂಬಿ ಜೀವವನ್ನು ಒಡ್ಡಬಹುದೇ?

ಹಳೆಯ ಔಷಧಿ ಹೊಸ ರೋಗಕ್ಕೆ ಒದಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಥಾಲಿಡೋಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬಸುರಿಯರು ನುಂಗಿ, ಕೈಕಾಲು ಬೆಳೆಯದ ಸಾವಿರಾರು ಶಿಶುಗಳು ಹುಟ್ಟಿದವು. ೧೯೬೧ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಅದೇ ಔಷಧಿ ಮುಂದೆ ಮೂಳೆಮಜ್ಜೆಯ ಒಂದು ಬಗೆಯ ಕ್ಯಾನ್ಸರಿಗೆ ಒದಗಿತು. ಆದರೆ ರೋಗಿಗಳ ಮೇಲೆ ಪರೀಕ್ಷೆ ನಡೆದು, ಬಸುರಿಯರಿಗೆ ಕೊಡಲೇಬಾರದೆಂಬ ಕಟ್ಟುಪಾಡಿನೊಡನೆ, ವೈದ್ಯರ ಕೈಯಿಂದ ಬಂತು.

ಇನ್ನು ಲಕ್ಷ್ಮೀತರು. ಇದು ಮಧ್ಯ ಅಮೆರಿಕದ ಕಡೆಯ ಮರ; ಎಣ್ಣೆಬೀಜಕ್ಕಾಗಿ ನಮ್ಮಲ್ಲಿ ಬೆಳೆಸಿದ್ದು. ಒಣಭೂಮಿಯಲ್ಲೂ ಬರುತ್ತದೆ, ಒಳ್ಳೆಯ ಮರವೇ. ಎಲೆಯ ಸಾರ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣಗಳನ್ನು ತಡೆದಿದೆ. ಆದರೆ ಕಷಾಯ ಕುಡಿದವರ ಕ್ಯಾನ್ಸರ್ ವಾಸಿಯಾಗುತ್ತದೆಂದು ರೋಗಿಗಳ ಮೇಲಿನ ಪರೀಕ್ಷೆಯಿಂದ ಸಿದ್ಧವಾಗಿಲ್ಲ. ಅಂಗಡಿಯಲ್ಲಿ ಮಾರುವ ಅರಿಸಿನದ ಸಾರದ ಗುಳಿಗೆಗಳೂ ಅಷ್ಟೆ. ಅಡುಗೆಯ ಅರಿಸಿನಕ್ಕೆ ಹೆದರಬೇಕಾಗಿಲ್ಲ. ಗುಳಿಗೆ ನುಂಗಿ ಲಿವರ್ ಕೆಡಿಸಿಕೊಂಡವರುಂಟು.

ಎಲ್ಲಕ್ಕಿಂತ ದೊಡ್ಡ ನಷ್ಟ ಕಾಲದ್ದು. ಹದ ತಪ್ಪಿದ ಬಿತ್ತನೆಗೆ ಮುಂದಿನ ವರ್ಷವಿದೆ. ಹದ ತಪ್ಪಿದ ಚಿಕಿತ್ಸೆಗೆ ಅದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು, ರೋಗ ಇನ್ನೂ ದೂರ ಹರಡದಿದ್ದಾಗ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬೇರೆ ಉಪಾಯಗಳನ್ನೇ ನಂಬಿದ ೨೮೧ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ೨೦೧೮ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಇವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮಿಕ್ಕಿತ್ತು.

ಆದುದರಿಂದ ಇಷ್ಟನ್ನು ಮನೆಮಂದಿಯೆಲ್ಲ ನೆನಪಿಡಿ. ಎದೆಯಲ್ಲಿ ಗಂಟು, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ನುಂಗಲು ಕಷ್ಟ, ಕೆಮ್ಮಿನಲ್ಲಿ ರಕ್ತ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೆಂಗಸರು ನಾಚಿಕೆಯಿಂದ ಮುಚ್ಚಿಡಬೇಡಿ. ಗಂಡಸರು ಸುಗ್ಗಿ ಮುಗಿಯಲಿ ಎಂದು ಮುಂದೂಡಬೇಡಿ. ಖರ್ಚಿನ ಭಯವಿದ್ದರೆ ಪಡಿತರ ಚೀಟಿ, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ. ಸರಕಾರದ ನೆರವಿನ ಯೋಜನೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯೂ ಇದೆ.

ಈಗಾಗಲೇ ಕಷಾಯ, ಗುಳಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿಬಿಡಿ. ಬೈಯುತ್ತಾರೆಂದು ಬಚ್ಚಿಡಬೇಡಿ, ಆಸ್ಪತ್ರೆಯ ಔಷಧಿಯೊಡನೆ ಅದು ಹೊಂದದೆ ಹೋಗಬಹುದು. ನೆರೆಮನೆಯಲ್ಲಿ ರೋಗಿಯಿದ್ದರೆ ಫೋನಿನ ಸುದ್ದಿ ಕಳಿಸುವ ಬದಲು ಅವರ ಜೊತೆ ಆಸ್ಪತ್ರೆಗೆ ಹೋಗಿ ಬನ್ನಿ. ಅವರು ಬರುವ ತನಕ ಅವರ ಹಸುವಿಗೆ ಒಂದು ಹೊರೆ ಹುಲ್ಲು ಹಾಕಿ. ಅದೂ ದೊಡ್ಡ ಸಹಾಯವೇ.

ಹುಳದ ಔಷಧಿಯ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ. ಪಶುವೈದ್ಯರು ಹೇಳಿದ ರಾಸಿಗೆ, ಹೇಳಿದಷ್ಟೇ ಕೊಡಿ. ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಅವರಿಂದಲೇ ಕೇಳಿಕೊಳ್ಳಿ.