ಹಳ್ಳಿಯ ಮನೆಯ ಜೀರ್ಣೋದ್ಧಾರ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮಾಡಿದ ಹಿರಿಯರು ಲೋಕಾನುಭವವುಳ್ಳವರೇ ಸರಿ. ಆದರೆ ಅವರು ಒಂದು ಮಾತನ್ನು ಬಿಟ್ಟುಬಿಟ್ಟರೆಂದು ನನಗೆ ತೋರುತ್ತದೆ. ಕಟ್ಟಿದ ಮನೆಯನ್ನು ದುರಸ್ತಿ ಮಾಡಿಸಿ ನೋಡು ಎಂಬುದೇ ಆ ಮಾತು. ಹೊಸ ಮನೆ ಕಟ್ಟಿಸುವವನ ಎದುರಿಗಿರುವುದು ಬರಿಯ ನಿವೇಶನ. ದುರಸ್ತಿ ಮಾಡಿಸುವವನ ಎದುರಿಗಿರುವುದು ಅಜ್ಜ ಎಬ್ಬಿಸಿದ ಗೋಡೆ, ಅಪ್ಪ ಒರಗಿ ಕುಳಿತ ಕಂಬ, ಆ ಮನೆಯೊಳಗೆ ಇನ್ನೂ ದೀಪ ಹಚ್ಚುತ್ತಿರುವ ತಾಯಿ.

ನಮ್ಮ ಮನೆಯಿರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಜಂಬಿಟ್ಟಿಗೆಯ ತಳಪಾಯ, ತುಳಿದು ಹದಮಾಡಿದ ಕೆಮ್ಮಣ್ಣಿನ ಗೋಡೆ, ಹಲಸಿನ ಕಂಬ, ಮೇಲೆ ಮಂಗಳೂರು ಹೆಂಚು. ಈ ಹೆಂಚಿಗೂ ಒಂದು ಚರಿತ್ರೆಯುಂಟು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆಮೇಲೆ ಕ್ರಮಕ್ರಮವಾಗಿ ಕರಾವಳಿಯ ಜೇಡಿಮಣ್ಣು ಘಟ್ಟ ಹತ್ತಿ ಬಂದು ಮಲೆನಾಡಿನ ಹುಲ್ಲಿನ ಮಾಡುಗಳಿಗೆ ಬದಲಾಗಿ ಕುಳಿತಿತು.

2022ರ ವೇಳೆಗೆ ನಮ್ಮ ಮನೆಯ ರೀಪುಗಳಿಗೆ ಗೆದ್ದಲು ಹತ್ತಿತ್ತು. ನಡುಮನೆಯಲ್ಲಿ ಎರಡು ಕಡೆ ಸೋರುತ್ತಿತ್ತು. ಅಡಿಗೆಮನೆಯ ಗೋಡೆ ಬೇಸಗೆಯಲ್ಲೂ ಒದ್ದೆ. ಶಿವಮೊಗ್ಗೆಗೆ ಬಂದು ನಮ್ಮೊಡನಿರು ಎಂದರೆ ತಾಯಿ ಒಪ್ಪಲಿಲ್ಲ. “ನನ್ನನ್ನು ಕೀಳುವುದಕ್ಕಿಂತ ಹೆಂಚು ಕಿತ್ತು ಹೊದಿಸುವುದು ಸುಲಭ” ಎಂದರು.

ಗುತ್ತಿಗೆದಾರನೊಬ್ಬನನ್ನು ಕರೆಸಿದೆ. ಅವನು ನನ್ನ ಹಳೆಯ ಶಿಷ್ಯ. ಮನೆಯನ್ನು ಒಂದು ಸುತ್ತು ಹಾಕಿ, “ಮೇಷ್ಟ್ರೇ, ಎಲ್ಲ ಕೆಡವಿ ತಾರಸಿ ಹಾಕಿಬಿಡೋಣ” ಎಂದನು. ತಾಯಿಯ ಮುಖ ನೋಡಿ ಆ ಮಾತನ್ನು ಅಲ್ಲಿಗೇ ನುಂಗಿದನು. ಕೊನೆಗೆ ಮಾಡು, ಅಡಿಗೆಮನೆಯ ಗೋಡೆ, ಹಿಂದಿನ ಜಗಲಿ, ಇಷ್ಟಕ್ಕೆ ಮೂರು ಲಕ್ಷ ರೂಪಾಯಿಗಳೆಂದು ಮಾತಾಯಿತು. ಮಾತಾಯಿತು ಎಂದೆನಲ್ಲವೆ? ಮಾತಷ್ಟೇ ಆಯಿತು. ಪತ್ರವಾಗಲಿಲ್ಲ. ನಾನು ಅಕ್ಷರ ತಿದ್ದಿಸಿದ ಹುಡುಗನ ಕೈಯಿಂದ ಕರಾರು ಬರೆಸಿಕೊಳ್ಳುವುದೇ ಎಂಬ ಸಂಕೋಚ ನನ್ನನ್ನು ತಡೆಯಿತು. ಅವನು ಕೇಳಿದಂತೆ ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟೆ.

ಮಾರ್ಚಿಯಲ್ಲಿ ಎರಡು ಅಂಕಣದ ಹೆಂಚು ಇಳಿಯಿತು. ಅಡಿಗೆಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಆಯಿತು. ಆ ಮೇಲೆ ಆಳುಗಳು ಕಾಣೆಯಾದರು. ಮೊಬೈಲಿನಲ್ಲಿ ವಿಚಾರಿಸಿದರೆ ದೊರೆಯುತ್ತಿದ್ದ ಉತ್ತರ ಒಂದೇ: “ನಾಳೆ ಬರುತ್ತೇನೆ.” ಮೂವತ್ತು ವರ್ಷ ವ್ಯಾಕರಣ ಬೋಧಿಸಿದ ನನಗೆ ಆ ಕ್ರಿಯಾಪದದ ನಿಜವಾದ ಲಕ್ಷಣ ಆಗ ತಿಳಿಯಿತು. ಅದು ರೂಪದಲ್ಲಿ ವರ್ತಮಾನ, ಅರ್ಥದಲ್ಲಿ ಭವಿಷ್ಯತ್ತು, ಅನುಭವದಲ್ಲಿ ನಿಷೇಧ!

ಮೇ ತಿಂಗಳ ಒಂದು ರಾತ್ರಿ ಗುಡುಗಿನೊಡನೆ ಮಳೆ ಬಂತು. ಹೊದಿಸಿದ್ದ ತಾಡಪಾಲನ್ನು ಗಾಳಿ ಎತ್ತಿ ಒಗೆಯಿತು. ಮಣ್ಣಿನ ಗೋಡೆ ತಲೆಯ ಮೇಲೆ ಹೊದಿಕೆಯಿದ್ದರೆ ತಲೆಮಾರುಗಳ ಕಾಲ ನಿಲ್ಲುತ್ತದೆ. ನೆತ್ತಿಗೆ ನೀರು ಬಿದ್ದರೆ ಕರಗುತ್ತದೆ. ಬೆಳಗಾಗುವ ವೇಳೆಗೆ ನಡುಮನೆಯ ಮೂಲೆ ಮೂರಡಿಯಷ್ಟು ಕುಸಿದಿತ್ತು. ನಾನು ಓಡಿಹೋಗಿ ನೋಡಿದಾಗ ತಾಯಿ ಅಕ್ಕಿಯ ಡಬ್ಬಗಳನ್ನು ದೇವರ ಕೋಣೆಗೆ ಸಾಗಿಸಿಕೊಂಡು ಅದರ ಹೊಸ್ತಿಲ ಮೇಲೆ ಕುಳಿತಿದ್ದರು. ನನ್ನನ್ನು ಬೈಯಲಿಲ್ಲ. “ಗೋಡೆ ಆ ಕಡೆಗೆ ಬಿತ್ತು, ಈ ಕಡೆಗೆ ಬೀಳಲಿಲ್ಲ” ಎಂದಷ್ಟೇ ಹೇಳಿದರು. ಆ ಕಡೆ ಎಂದರೆ ಅಂಗಳ. ಈ ಕಡೆ ಎಂದರೆ ಅವರ ಹಾಸಿಗೆ. ನನ್ನ ಸಂಕೋಚದ ಬೆಲೆ ಎಷ್ಟಾಗಬಹುದಿತ್ತೆಂಬುದು ನನಗೆ ಅರಿವಾದದ್ದು ಆ ಗಳಿಗೆಯಲ್ಲಿ.

ನೆರೆಯೂರಿನ ವೃದ್ಧ ಬಡಗಿಯೊಬ್ಬರು ಇಬ್ಬರು ಆಳುಗಳೊಡನೆ ಬಂದು ಮೂರು ವಾರದಲ್ಲಿ ಮಾಡನ್ನು ಮುಗಿಸಿಕೊಟ್ಟರು. ಅವರು ಹೊಸ ಗಿಲಾವನ್ನು ಬೆರಳ ಗೆಣ್ಣಿನಿಂದ ತಟ್ಟಿ, “ಇದು ಪೊಳ್ಳು ಸ್ವಾಮಿ, ನಿಲ್ಲುವುದಿಲ್ಲ” ಎಂದರು. ಅದು ಹಪ್ಪಳದಂತೆ ಎದ್ದುಬಂತು. ಕಾರಣವನ್ನೂ ಅವರೇ ವಿವರಿಸಿದರು. ನೆಲದ ತೇವ ಮಣ್ಣಿನ ಗೋಡೆಯೊಳಗೆ ಮೇಲೇರುತ್ತದೆ. ಮಣ್ಣಿನ ಅಥವಾ ಸುಣ್ಣದ ಗಾರೆಯಾದರೆ ಆ ತೇವ ಮೈಯಿಂದ ಹೊರಬಿದ್ದು ಆರುತ್ತದೆ. ಸಿಮೆಂಟಿನ ಗಿಲಾವು ಅದರ ದಾರಿಯನ್ನು ಮುಚ್ಚುವುದರಿಂದ ಒಳಗೆ ಗೋಡೆ ಮೆತ್ತಗಾಗುತ್ತದೆ, ಹೊರಗೆ ಗಿಲಾವು ಕಳಚುತ್ತದೆ. ಆದ್ದರಿಂದ ಮೊದಲು ಹಿತ್ತಿಲಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಚರಂಡಿ ತೋಡಿಸಿ, ಆಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಮರುವರ್ಷಕ್ಕೆ ಗೋಡೆ ಒಣಗಿತು. ರೋಗವಿದ್ದದ್ದು ಹಿತ್ತಿಲಿನಲ್ಲಿ, ನಾವು ಮದ್ದು ಹಚ್ಚಿದ್ದು ಗೋಡೆಗೆ.

ಈ ಅನುಭವದಿಂದ ಕಲಿತ ನಾಲ್ಕು ಮಾತುಗಳನ್ನು ಹೇಳಬಹುದೆಂದು ತೋರುತ್ತದೆ. ಹಳ್ಳಿಯಲ್ಲಿ ಹಿರಿಯರ ಮನೆಯನ್ನುಳ್ಳ ಪಟ್ಟಣವಾಸಿಗಳು ನಿಮ್ಮಲ್ಲಿ ಅನೇಕರಿರಬಹುದಷ್ಟೆ.

ಮೊದಲನೆಯದು, ಮನೆಯನ್ನು ಮಳೆಗಾಲದಲ್ಲಿ ಪರೀಕ್ಷಿಸಿರಿ. ಕೆಲಸವನ್ನು ಸಂಕ್ರಾಂತಿಗೆ ಮೊದಲೇ ಹಿಡಿಸಿರಿ. ನೀರು ಎಲ್ಲಿಂದ ಬರುತ್ತದೆಂಬುದು ಬಿಸಿಲಿನಲ್ಲಿ ಕಾಣದು. ಒಂದು ಅಂಕಣವನ್ನು ಹೊದಿಸದೆ ಮತ್ತೊಂದು ಅಂಕಣದ ಹೆಂಚು ಇಳಿಸಗೊಡಬೇಡಿರಿ.

ಎರಡನೆಯದು, ಎಷ್ಟೇ ಆಪ್ತನಾದರೂ ಕರಾರನ್ನು ಬರೆಸಿಕೊಳ್ಳಿರಿ. ಯಾವ ಕೆಲಸ, ಎಷ್ಟು ಚದರ, ಸಾಮಾನು ಯಾರದು, ಯಾವ ತಾರೀಖಿಗೆ ಮುಗಿಯಬೇಕು, ಹೆಚ್ಚಿನ ಕೆಲಸಕ್ಕೆ ದರವೇನು, ಇಷ್ಟಿದ್ದರೆ ಸಾಕು. ಹಳೆಯ ಮನೆಯಲ್ಲಿ ಚದರವೆಂದರೆ ನೂರು ಚದರಡಿಯೋ ಒಂದು ಚದರಡಿಯೋ ಎಂಬುದನ್ನೂ ಸ್ಪಷ್ಟಪಡಿಸಿರಿ. ಇದರಿಂದ ಹುಟ್ಟಿದ ಜಗಳಗಳನ್ನು ಕಂಡಿದ್ದೇನೆ. ಕಾಗದವೆಂಬುದು ಅಪನಂಬಿಕೆಯ ಗುರುತಲ್ಲ, ಇಬ್ಬರ ನೆನಪಿಗೂ ಊರುಗೋಲು.

ಮೂರನೆಯದು, ಹಣ ಕೆಲಸದ ಹಿಂದೆ ನಡೆಯಲಿ, ಮುಂದೆ ನಡೆಯದಿರಲಿ. ಆರಂಭಕ್ಕೆ ಬೇಕಾದಷ್ಟನ್ನು ಕೊಟ್ಟು, ಉಳಿದದ್ದನ್ನು ಹಂತಹಂತವಾಗಿ ಸಲ್ಲಿಸಿ, ಸ್ವಲ್ಪ ಭಾಗವನ್ನು ಮೊದಲ ಮಳೆ ಕಳೆಯುವವರೆಗೆ ಇರಿಸಿಕೊಳ್ಳಿರಿ. ಮಾಡು ಮಾಡಿದವನಿಗೆ ಪರೀಕ್ಷಾಧಿಕಾರಿ ಮಳೆಯೇ.

ನಾಲ್ಕನೆಯದು, ಸಿಮೆಂಟು ಬೇಕಾದಲ್ಲಿ ಚೀಲದ ಮೇಲೆ ಅಚ್ಚಾಗಿರುವ ತಯಾರಿಯ ಕಾಲವನ್ನು ನೋಡಿ ಕೊಳ್ಳಿರಿ. ಮೂರು ತಿಂಗಳು ಮೀರಿದ್ದರೆ ಅದರ ಬಲ ಕುಗ್ಗಿರುವ ಸಂಭವವುಂಟು. ಕೆಲಸವಾದ ಮೇಲೆ ಕನಿಷ್ಠ ಒಂದು ವಾರವಾದರೂ ನೀರುಣಿಸುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿರಿ. ಇಲ್ಲವಾದರೆ ಗುತ್ತಿಗೆದಾರ ಮನೆಯವರೆಂದುಕೊಳ್ಳುತ್ತಾನೆ, ಮನೆಯವರು ಗುತ್ತಿಗೆದಾರನೆಂದುಕೊಳ್ಳುತ್ತಾರೆ, ಗೋಡೆ ಬಿರಿಯುತ್ತದೆ.

ಇನ್ನು ನ್ಯಾಯವಾಗಿ ಹೇಳಬೇಕಾದ ಒಂದು ಮಾತುಂಟು. ಆ ವರ್ಷದ ದಸರೆಯ ಹೊತ್ತಿಗೆ ಶಿಷ್ಯ ಪೇಟೆಯಲ್ಲಿ ಎದುರಾದನು. ತಲೆ ತಗ್ಗಿಸಿಯೇ ನಿಂತನು. ನಾನು ಗೋಡೆ ಬಿದ್ದ ಕಥೆಯನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪು ನನ್ನದೇ ಮೇಷ್ಟ್ರೇ. ಆದರೆ ಕೊಟ್ಟಿಗೆಯ ಬಾಗಿಲು, ಬಾವಿಯ ಕಟ್ಟೆ, ಬಚ್ಚಲ ಹಂಡೆಯ ಒಲೆ ಇವೆಲ್ಲ ಮೊದಲಿನ ಮಾತಿನಲ್ಲಿ ಇದ್ದವೆ?” ಎಂದು ಕೇಳಿದನು. ಇರಲಿಲ್ಲ. ಹೋದಾಗಲೆಲ್ಲ ‘ಇದೊಂದು ಮಾಡಿಬಿಡಪ್ಪ’ ಎಂದವನು ನಾನೇ. ಗುರುವಿನ ಹತ್ತಿರ ದರ ಕೇಳಲು ಅವನಿಗೆ ಸಂಕೋಚ. ಶಿಷ್ಯನ ಹತ್ತಿರ ಕಾಗದ ಕೇಳಲು ನನಗೆ ಸಂಕೋಚ. ನಷ್ಟವಾಗುತ್ತದೆಂದು ತೋರಿದ ಕೂಡಲೇ ಅವನು ಬೇರೆ ಕೆಲಸಕ್ಕೆ ಹೋದನು. ಎರಡು ಸಂಕೋಚಗಳ ನಡುವೆ ಬಿದ್ದದ್ದು ಅಜ್ಜನ ಗೋಡೆ.

ಹಣದ ಲೆಕ್ಕವನ್ನು ಆಮೇಲೆ ಇಬ್ಬರೂ ಕುಳಿತು ಸರಿಮಾಡಿಕೊಂಡೆವು. ಅವನು ಉಳಿಕೆಯನ್ನು ಎರಡು ಕಂತಿನಲ್ಲಿ ಹಿಂದಿರುಗಿಸಿದನು. ಆ ಬಾರಿ ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಿದೆವೆಂದು ಬೇರೆ ಹೇಳಬೇಕಾಗಿಲ್ಲ. ಅವನ ಬರಹದಲ್ಲಿ ಒಂದು ಕಾಗುಣಿತದ ತಪ್ಪಿತ್ತು. ಅಭ್ಯಾಸಬಲದಿಂದ ಅದನ್ನು ತಿದ್ದಿಯೇ ಜೇಬಿಗಿಟ್ಟುಕೊಂಡೆ.

ಈಗ ಮಳೆ ಬಂದಾಗ ತಾಯಿ ನಡುಮನೆಯಲ್ಲಿ ಪಾತ್ರೆಗಳನ್ನು ಇಡುವುದಿಲ್ಲ. ಹೆಂಚಿನ ಮೇಲೆ ಬೀಳುವ ನೀರಿನ ಸದ್ದನ್ನು ಕೇಳುತ್ತ ಮಲಗುತ್ತಾರೆ. ನನಗೆ ಅಷ್ಟು ಸಾಕು.