ಹಡಗಿನ ಅಧಿಕಾರಿಯಾಗುವ ದಾರಿ
(ಮಸ್ಕಿಯಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ಕಾಲುವೆ ನೀರಿನ ಮಾತು ಬಿಟ್ಟು ಈ ದಿನ ಹಡಗಿನ ಮಾತನ್ನಾಡಲು ನಿಂತಿದ್ದೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲಿ, ಕಡಲು ಎಲ್ಲಿ ಎಂದು ನೀವು ನಗಬಹುದು. ಆದರೆ ಲಿಂಗಸುಗೂರಿನ ಕಡೆಯ ಕೃಷ್ಣೆಯೂ ಸಿಂಧನೂರಿನ ಕಡೆಯ ತುಂಗಭದ್ರೆಯೂ ಕೂಡಿಕೊಂಡು ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ. ಕೃಷ್ಣೆಯ ನಡುಗಡ್ಡೆಗಳ ನಮ್ಮ ಜನ ಸೆಳವು ನೋಡಿ ಹರಿಗೋಲು ಹಾಕಿದವರೇ. ನೀರಿನ ವಿದ್ಯೆ ನಮಗೆ ತೀರ ಹೊಸದಲ್ಲ.

ಮೊನ್ನೆ ರೈತರೊಬ್ಬರು ನನ್ನನ್ನು ಕೇಳಿದರು: "ನನ್ನ ಮಗನನ್ನು ಹಡಗಿನ ಆಫೀಸರ್ ಮಾಡಿಸುತ್ತೇನೆಂದು ಒಬ್ಬ ಬಂದಿದ್ದಾನೆ. ಎರಡು ಎಕರೆ ಮಾರಲೇನು?" ಆ ಪ್ರಶ್ನೆಗೆ ಉತ್ತರವೇ ನನ್ನ ಈ ಮಾತು.

ಮೊದಲು ಕೆಲಸ ಎಂಥದೆಂದು ತಿಳಿಯಿರಿ. ಮಂಗಳೂರಿನ ಹಳೆಯ ಬಂದರಿನಿಂದ ಮಂಜಿ ಎಂಬ ಸಣ್ಣ ನೌಕೆಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿದಾಗ ನಿಲ್ಲುತ್ತವೆ. ಪಣಂಬೂರಿನಲ್ಲಿ 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ದೊಡ್ಡ ಹಡಗುಗಳು ಬರುತ್ತವೆ. ಒಂದು ಬಂದರಿನಿಂದ ಇನ್ನೊಂದಕ್ಕೆ ದೇಶದ ಕರೆಯಗುಂಟ ಸರಕು ಸಾಗಿಸುವುದೇ ಕರಾವಳಿ ವ್ಯಾಪಾರ. ಇಂಥ ಹಡಗಿನ ಯಜಮಾನನಿಗೆ ಮಾಸ್ಟರ್ ಎನ್ನುತ್ತಾರೆ. ಜನ, ಸರಕು, ಹಡಗು ಮೂರರ ಹೊಣೆಯೂ ಅವನದೇ.

ಈ ಹೊಣೆ ನಮಗೆ ಅರ್ಥವಾಗದ್ದೇನಲ್ಲ. ಬಂಡಿಗೆ ಹುಲ್ಲನ್ನು ಅಳತೆ ಮೀರಿ ಎತ್ತರಕ್ಕೆ ಹೇರಿದರೆ ಓರೆ ದಾರಿಯಲ್ಲಿ ಏನಾಗುತ್ತದೆ? ಹಡಗಿನಲ್ಲಿಯೂ ಹಾಗೆಯೇ. ಭಾರ ಮೇಲೇರಿದರೆ ಅದು ಮಗುಚುತ್ತದೆ. ಚೀಲಕ್ಕೆ ತುಂಬದ ಬಿಡಿ ಕಾಳು ಅಲೆಯ ಹೊಡೆತಕ್ಕೆ ಒಂದು ಪಕ್ಕಕ್ಕೆ ಹರಿದು ಹಡಗನ್ನು ವಾಲಿಸುತ್ತದೆ. ಆದುದರಿಂದ ಎಷ್ಟು ಆಳದವರೆಗೆ ಹೇರಬಹುದೆಂದು ಹಡಗಿನ ಪಕ್ಕದಲ್ಲಿ ಗೆರೆ ಎಳೆದಿರುತ್ತಾರೆ. ಈ ಲೆಕ್ಕ, ಸಮುದ್ರದ ನಕ್ಷೆ, ಉಬ್ಬರ ಇಳಿತ, ದೀಪಗಳ ಗುರುತು, ಎದುರಿನ ಹಡಗಿಗೆ ದಾರಿ ಬಿಡುವ ನಿಯಮ ಇವೆಲ್ಲ ಪರೀಕ್ಷೆಗೆ ಬರುತ್ತವೆ. ಬರೆಯುವ ಪರೀಕ್ಷೆ ಮುಗಿದರೆ ಸಾಲದು, ಪರೀಕ್ಷಕರ ಎದುರು ಕುಳಿತು ಬಾಯಲ್ಲಿಯೂ ಉತ್ತರ ಹೇಳಬೇಕು.

ಒಳಹೋಗಲು ಎರಡು ಬಾಗಿಲುಗಳಿವೆ.

ಒಂದು, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರದು. ಇವರು 2008ರಲ್ಲಿ ಸ್ಥಾಪನೆಯಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು, ನೌಕಾ ವಿಜ್ಞಾನದ ಒಂದು ವರ್ಷದ ಡಿಪ್ಲೊಮಾ ಇಲ್ಲವೆ ಮೂರು ವರ್ಷದ ಪದವಿಗೆ ಸೇರಬಹುದು. ಓದಿನ ಜೊತೆಗೆ ಕೆಡೆಟ್ ಆಗಿ ಹಡಗಿನಲ್ಲಿ ದುಡಿದ ಮೇಲೆಯೇ ಅಧಿಕಾರಿಯ ಪರೀಕ್ಷೆ.

ಎರಡನೆಯದು, ಎಸ್.ಎಸ್.ಎಲ್.ಸಿ. ಪಾಸಾದವರದು. ಆರು ತಿಂಗಳ ತರಬೇತಿ ಪಡೆದು ಖಲಾಸಿಯಾಗಿ ಹಡಗು ಹತ್ತಿ, ದುಡಿಯುತ್ತ ಮೇಲೇರುವ ದಾರಿ ಇದು. 1978ರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ, ಕರೆಯ ಸಮೀಪ ಓಡಾಡುವ 500 ಟನ್ನೇಜಿಗೆ ಒಳಗಿನ ಹಡಗಿನಲ್ಲಿ ಹೀಗೆ ದುಡಿದು ಬಂದವನು ಕಾವಲು ಅಧಿಕಾರಿಯಾಗಲು ಡೆಕ್ಕಿನ ಮೇಲೆ ಕನಿಷ್ಠ 36 ತಿಂಗಳ ಸೇವೆ ಇರಬೇಕು. ವಯಸ್ಸು 18 ತುಂಬಿರಬೇಕು. ಅಂಥ ಹಡಗಿನ ಮಾಸ್ಟರ್ ಆಗಲು ಅಧಿಕಾರಿಯಾಗಿ ಇನ್ನೂ 12 ತಿಂಗಳ ಸೇವೆ ಬೇಕು. ವಯಸ್ಸು 20 ಆಗಿರಬೇಕು. ಇದು ಕೆಳಗಿನ ಮಿತಿ. ನಮ್ಮ ಸರ್ಕಾರದ ನಿಯಮಗಳನ್ನೂ ಪಾಲಿಸಬೇಕು. ಹೆಣ್ಣುಮಕ್ಕಳಿಗೂ ಎರಡೂ ಬಾಗಿಲು ತೆರೆದಿವೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಡಲಿನ ಮೇಲೆ ಕಳೆದ ದಿನಗಳನ್ನು ಹಣ ಕೊಟ್ಟು ಕೊಳ್ಳಲಾಗದು. ಜೋಳ ತೆನೆಗಟ್ಟಲು ಅದರ ಕಾಲ ಬೇಕು. ಆತುರಪಟ್ಟರೆ ಸೊಪ್ಪೆ ಮಾತ್ರ ಕೈಗೆ ಬರುತ್ತದೆ. ಅಧಿಕಾರಿಯ ಪ್ರಮಾಣಪತ್ರವೂ ಅಷ್ಟೇ. "ನೇರವಾಗಿ ಆಫೀಸರ್ ಮಾಡಿಸುತ್ತೇನೆ" ಎನ್ನುವವನ ಮಾತು ಸುಳ್ಳು. ಸುಳ್ಳು ಸೇವೆ ಬರೆಸಿ ಪಡೆದ ಕಾಗದ ಹುಡುಗನ ಬಾಳನ್ನೇ ಕೆಡಿಸುತ್ತದೆ.

ತರಬೇತಿ ಸಂಸ್ಥೆಗೆ ಶುಲ್ಕ ಕಟ್ಟುವುದು ಬೇರೆ, ಕೆಲಸ ಕೊಡಿಸುತ್ತೇನೆಂದವನಿಗೆ ಹಣ ಕೊಡುವುದು ಬೇರೆ. ನೌಕರಿ ಕೊಡಿಸಲು ನಾವಿಕನಿಂದ ಹಣ ಪಡೆಯುವುದನ್ನು 2006ರ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದವು ನಿಷೇಧಿಸಿದೆ. ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. ನಾವಿಕರನ್ನು ಸೇರಿಸಿಕೊಳ್ಳುವ ಏಜೆಂಟನಿಗೆ ಸರ್ಕಾರದ ಪರವಾನಗಿ ಇರಲೇಬೇಕು.

ಹಾಗಾದರೆ ಮೊದಲು ಏನು ಮಾಡಬೇಕು?

ಹುಡುಗನ ಕಣ್ಣು ಪರೀಕ್ಷೆ ಮಾಡಿಸಿ. ರಾತ್ರಿ ಕಡಲಿನಲ್ಲಿ ಎದುರಿನ ಹಡಗು ಯಾವ ಕಡೆಗೆ ಸಾಗುತ್ತಿದೆಯೆಂದು ತಿಳಿಯುವುದು ಅದರ ಕೆಂಪು, ಹಸಿರು ದೀಪಗಳಿಂದ. ಆ ಬಣ್ಣಗಳನ್ನು ಬೇರ್ಪಡಿಸಲಾರದವನಿಗೆ ಈ ಕೆಲಸ ದೊರೆಯದು. ಶುಲ್ಕ ಕಟ್ಟಿದ ಮೇಲೆ ಇದು ತಿಳಿದರೆ ಹಣ ನೀರುಪಾಲು.

ಬಳಿಕ, ಡಿ.ಜಿ. ಶಿಪ್ಪಿಂಗ್ ಎಂದು ಹೆಸರಾದ, ಮುಂಬಯಿಯಲ್ಲಿರುವ ಕೇಂದ್ರ ಕಚೇರಿಯ ಪಟ್ಟಿಯಲ್ಲಿ ಆ ಸಂಸ್ಥೆಯೂ ಆ ಏಜೆಂಟನೂ ಇದ್ದಾರೆಯೇ ಎಂದು ನೋಡಿ. ಈ ಪಟ್ಟಿ ಮೊಬೈಲಿನಲ್ಲಿಯೇ ಸಿಗುತ್ತದೆ. ಓದಲು ಬಾರದಿದ್ದರೆ ಊರಿನ ಮೇಷ್ಟ್ರನ್ನು ಕೇಳಿ, ನಾಚಿಕೆ ಬೇಡ.

ಕೊನೆಗೆ, ಮಗನನ್ನೇ ಕೂಡಿಸಿಕೊಂಡು ಮಾತನಾಡಿ. ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ಇರಬೇಕು. ಜಾತ್ರೆಗೆ, ಮದುವೆಗೆ, ಸಾವಿಗೂ ಬರಲಾಗದಿರಬಹುದು. ತರಬೇತಿ ಮುಗಿದ ಕೂಡಲೆ ಹಡಗು ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಕಾಯುವ ಕಾಲಕ್ಕೆ ಮನೆಯಲ್ಲಿ ಕಾಳು ಇರಬೇಕು.

ಅದಕ್ಕಾಗಿಯೇ ಆ ರೈತರಿಗೆ ಹೇಳಿದೆ: "ಹೊಲ ಮಾರಬೇಡಿ. ಹುಡುಗನ ಕಣ್ಣು ಚೆನ್ನಾಗಿದ್ದು, ಗಣಿತ ಬಂದು, ಮನಸ್ಸು ಗಟ್ಟಿಯಾಗಿದ್ದರೆ ನೇರ ದಾರಿಯಲ್ಲಿ ಕಳಿಸಿ. ಹೋದವನು ಮರಳಿ ಬರುವಾಗ ಕಾಲಿಡಲು ಆ ಎರಡು ಎಕರೆ ಇರಲಿ."

ನಿಮಗೂ ನಾನು ಹೇಳುವುದು ಅದನ್ನೇ.